ಹೊಸ್ತಿಲ ಕೆಳಗಿನ ಕೋಟೆ

ಹದಿನೈದು ವರ್ಷಗಳ ಹಿಂದೆ, ಹೆಂಡತಿಯ ತವರೂರಿನ ಶಾಲೆಯ ಸ್ಮರಣ ಸಂಚಿಕೆಗೆ ನಾನು ಎರಡು ಪುಟದ ಲೇಖನ ಬರೆದುಕೊಟ್ಟಿದ್ದೆ. ಅದರಲ್ಲಿ ಒಂದು ವಾಕ್ಯವಿತ್ತು: ‘ಗುಡ್ಡದ ಮೇಲಿನ ಕೋಟೆಯ ಪೂರ್ವ ಬಾಗಿಲಿನ ಎರಡು ಕಲ್ಲುಕಂಬಗಳು ಇಂದಿಗೂ ನಿಂತಿವೆ.’ ಬರೆಯುವ ಮುಂಚೆ ನಾನು ಗುಡ್ಡ ಹತ್ತಿ ನೋಡಿರಲಿಲ್ಲ. ಅದಕ್ಕೂ ಹದಿನೈದು ವರ್ಷ ಮೊದಲು, ಧಾರವಾಡದಲ್ಲಿ ಇತಿಹಾಸದ ಎಂ.ಎ. ಓದುವಾಗ ಗುರುಗಳೊಂದಿಗೆ ಒಮ್ಮೆ ಹತ್ತಿದ್ದೆ. ಆ ನೆನಪಿನಿಂದಲೇ ಬರೆದೆ. ವಿದ್ಯಾರ್ಥಿಗಳ ಉತ್ತರಪತ್ರಿಕೆಯಲ್ಲಿ ಆಧಾರವಿಲ್ಲದ ಮಾತು ಕಂಡರೆ ಕೆಂಪು ಗೆರೆ ಎಳೆಯುವ ನಾನು ನನ್ನ ಲೇಖನಕ್ಕೆ ಮಾತ್ರ ಆ ನಿಯಮ ಹಚ್ಚಿರಲಿಲ್ಲ.

ಆ ಊರು ಲೋಕಾಪುರದಿಂದ ಬೀಳಗಿ ಕಡೆಗೆ ಹೋಗುವ ದಾರಿಯಲ್ಲಿದೆ. ಹೆಸರು ಬರೆಯುವುದಿಲ್ಲ, ಹಾಗೆಂದು ಊರವರಿಗೆ ಮಾತು ಕೊಟ್ಟಿದ್ದೇನೆ. ಊರ ಹಿಂದಿನ ಗುಡ್ಡ ಗಾಯರಾಣ, ಅಂದರೆ ದನ ಕುರಿ ಮೇಯಲು ಬಿಟ್ಟ ಸರ್ಕಾರಿ ಜಾಗ. ಕಳೆದ ನವೆಂಬರಿನಲ್ಲಿ ಅದನ್ನು ಕಲ್ಲು ಕ್ವಾರಿಗೆ ಗುತ್ತಿಗೆ ಕೊಡುವ ಪ್ರಸ್ತಾವ ಬಂತು. ಪಂಚಾಯತಿ ಸದಸ್ಯನಾದ ನನ್ನ ಹೆಂಡತಿಯ ತಮ್ಮ ಊರವರ ಸಹಿ ಮಾಡಿಸಿ, ನನ್ನ ಲೇಖನದ ಝೆರಾಕ್ಸ್ ಲಗತ್ತಿಸಿ, ಗುಡ್ಡದ ಮೇಲೆ ಹಳೆಯ ಕೋಟೆ ಇದೆ ಎಂದು ಆಕ್ಷೇಪಣೆ ಸಲ್ಲಿಸಿಬಿಟ್ಟ. ಅದಕ್ಕೆ ಉತ್ತರ ಬಂದ ಮೇಲೆ ನನಗೆ ಫೋನು ಮಾಡಿದ. ಗುತ್ತಿಗೆ ಕೇಳಿದವರ ಸಲಹೆಗಾರರು ಗುಡ್ಡ ನೋಡಿ, ಮೇಲೆ ಇರುವುದು ನೈಸರ್ಗಿಕ ಬಂಡೆ ಮತ್ತು ಕುರಿ ಕೂಡಿಹಾಕುವ ದಡ್ಡಿಗಳು ಮಾತ್ರ ಎಂದು ವರದಿ ಕೊಟ್ಟಿದ್ದರು. ಫೆಬ್ರವರಿ ಕೊನೆಗೆ ಜಂಟಿ ಸ್ಥಳ ಪರಿಶೀಲನೆ. ಅಷ್ಟರೊಳಗೆ ಕೋಟೆಯ ಕುರುಹುಗಳನ್ನು ಅಳತೆ, ನಕ್ಷೆ, ಫೋಟೊ ಸಮೇತ ತೋರಿಸದಿದ್ದರೆ ಆಕ್ಷೇಪಣೆ ಬಿದ್ದುಹೋಗುತ್ತದೆ, ಗುಡ್ಡ ಕ್ರಷರಿಗೆ ಹೋಗುತ್ತದೆ.

“ನಿಮಗೇನ್ರಿ ಮಾಮಾ, ಒಂದ ದಿನದ ಕೆಲಸ. ಕಂಬದ ಫೋಟೊ ಹೊಡದ ಕೊಟ್ರ ಆತು,” ಅಂದ.

ನಾನು ಒಪ್ಪಿಕೊಂಡೆ. ಕಂಬಗಳು ನನ್ನ ಕಣ್ಣ ಮುಂದೆಯೇ ಇದ್ದವು: ಎದೆಮಟ್ಟದ ಎರಡು ಕಂಬ, ಅವುಗಳ ನಡುವೆ ಕೆಳಗಿದ್ದ ಕೆಂಪು ಸೂರ್ಯ.

ಜಮಖಂಡಿಯಿಂದ ಊರು ಮುಟ್ಟಲು ಬೈಕಿನ ಮೇಲೆ ಎರಡು ತಾಸು. ಕಬ್ಬಿನ ಹಂಗಾಮಿನಲ್ಲಿ ಮುಧೋಳದ ಹತ್ತಿರ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡರೆ ಇನ್ನೂ ಅರ್ಧ ತಾಸು. ಮೊದಲ ಭಾನುವಾರ ಗುಡ್ಡದ ಪೂರ್ವ ಅಂಚನ್ನು ಈ ತುದಿಯಿಂದ ಆ ತುದಿಯವರೆಗೆ ಮೂರು ಸಲ ನಡೆದೆ. ಕಂಬ ಇರಲಿಲ್ಲ. ಬಿದ್ದ ಕಂಬವೂ ಇರಲಿಲ್ಲ, ಮುರಿದ ತುಂಡೂ ಇರಲಿಲ್ಲ. ಕಂಬ ನಿಲ್ಲಿಸಲು ಬಂಡೆಯಲ್ಲಿ ಕೊರೆದ ಗುಳಿಯೂ ಕಾಣಲಿಲ್ಲ. ಇದ್ದದ್ದು ಮೂರು ಕುರಿದಡ್ಡಿ, ಒಂದು ಜಾಲಿ ಗಿಡ, ಮತ್ತು ಬಂಡೆ.

ಈ ಬಂಡೆಯ ವಿಷಯ ಹೇಳಬೇಕು. ಜಮಖಂಡಿಯ ಕಡೆ ನೆಲದಲ್ಲಿ ಕರಿಕಲ್ಲು ಸಿಗುತ್ತದೆ. ಈ ಗುಡ್ಡ ಕೆಂಪು ಮರಳುಗಲ್ಲಿನದು. ಅದು ಪದರು ಪದರಾಗಿ ಕೂತಿರುತ್ತದೆ, ನೆಟ್ಟಗೆ ಬಿರಿಯುತ್ತದೆ. ಕೆಳಗಿನ ರಸ್ತೆಯಲ್ಲಿ ನಿಂತು ನೋಡಿದರೆ ಯಾರೋ ಸಾಲು ಸಾಲಾಗಿ ಕಟ್ಟಿದ ಗೋಡೆಯಂತೆಯೇ ಕಾಣುತ್ತದೆ; ಹತ್ತಿರ ಹೋದರೆ ಒಂದು ಕಲ್ಲಿಗೂ ಉಳಿ ತಾಗಿರುವುದಿಲ್ಲ. ಸಲಹೆಗಾರರು ಹೇಳಿದ ‘ನೈಸರ್ಗಿಕ ಬಂಡೆ’ ಸುಳ್ಳಾಗಿರಲಿಲ್ಲ. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಬರೆಯುತ್ತಿದ್ದೆ.

ಮನೆಗೆ ಬಂದು ಗುರುಗಳಿಗೆ ಫೋನು ಹಚ್ಚಿದೆ. ನಿವೃತ್ತರಾಗಿ ಧಾರವಾಡದಲ್ಲೇ ಇದ್ದಾರೆ, ಎಂಬತ್ತು ದಾಟಿದೆ. ಗುಡ್ಡ ಅವರಿಗೆ ನೆನಪಿತ್ತು. ಕಂಬ ನೆನಪಿರಲಿಲ್ಲ. “ನನಗ ನೆನಪಿರೂದು ಒಂದ. ನನ್ನ ಚಪ್ಪಲಿ ಉಂಗುಟ ಹರದಿತ್ತು. ಬರಿಗಾಲಿಲೆ ಇಳದು ಬಂದೆ,” ಅಂದರು. ಆಗ ಬರೆದುಕೊಂಡಿದ್ದ ಟಿಪ್ಪಣಿ ಪುಸ್ತಕ ನನ್ನ ಹತ್ತಿರವೇ ಇರಬೇಕಿತ್ತು. ಮನೆ ಬದಲಿಸಿದಾಗ ಎಲ್ಲಿಯೋ ಹೋಗಿದೆ. ಕಂಬ ನೋಡಿದೆನೋ, ಬೇರೆ ಯಾವುದೋ ಗುಡ್ಡದ ಕಂಬವನ್ನು ತಂದು ಇಲ್ಲಿ ನೆಟ್ಟೆನೋ, ಅಥವಾ ಯಾವುದೋ ಪುಸ್ತಕದ ಚಿತ್ರವೋ, ಹೇಳಲಾರದ ಸ್ಥಿತಿಗೆ ಬಂದೆ. ನೆನಪು ಬಹಳ ಸ್ಪಷ್ಟವಾಗಿತ್ತು ಎಂಬುದೇ ಅದರ ಮೇಲೆ ಅನುಮಾನ ಹುಟ್ಟಿಸಿತು. ಮೂವತ್ತು ವರ್ಷದ ಹಿಂದಿನ ಬೇರೆ ಯಾವುದೂ ನನಗೆ ಅಷ್ಟು ಸ್ಪಷ್ಟವಾಗಿ ನೆನಪಿಲ್ಲ.

ಮುಂದಿನ ಮೂರು ಭಾನುವಾರ ಇಡೀ ಗುಡ್ಡವನ್ನು ಪಟ್ಟಿ ಪಟ್ಟಿಯಾಗಿ ನಡೆದೆ. ಇಪ್ಪತ್ತು ಹೆಜ್ಜೆಗೊಂದು ಸಾಲು; ಸಾಲಿನುದ್ದಕ್ಕೂ ನೆಲದ ಮೇಲೇ ಕಣ್ಣು. ಸಿಕ್ಕದ್ದು ಬೆರಳೆಣಿಕೆಯ ಮಡಕೆ ಚೂರು. ಅವು ಇನ್ನೂರು ವರ್ಷದವೂ ಇರಬಹುದು, ಎಂಟುನೂರು ವರ್ಷದವೂ ಇರಬಹುದು. ಮಡಕೆಯ ಬಾಯಂಚಿನ ತುಂಡು ಒಂದೂ ಇರಲಿಲ್ಲವಾದ್ದರಿಂದ ಕಾಲ ಹೇಳಲು ಬರುವಂತಿರಲಿಲ್ಲ. ಮಧ್ಯದಲ್ಲಿ ಹೂಳು ತುಂಬಿದ ಒಂದು ತಗ್ಗು. ಅದರ ಒಂದು ಬದಿ ನೇರವಾಗಿತ್ತು. ಕೊರೆದದ್ದೋ ಬಿರಿದದ್ದೋ ತಿಳಿಯಲಿಲ್ಲ. ಅನುಮತಿಯಿಲ್ಲದೆ ಅಗೆಯುವ ಹಾಗಿಲ್ಲ. ಪುಸ್ತಕದಲ್ಲಿ ‘ತಗ್ಗು, ಅನಿಶ್ಚಿತ’ ಎಂದು ಬರೆದು ಮುಂದೆ ಹೋದೆ.

ಈ ನಾಲ್ಕೂ ವಾರ ಒಬ್ಬ ಕುರುಬ ನನ್ನನ್ನು ದೂರದಿಂದ ನೋಡುತ್ತಿದ್ದ. ನನಗಿಂತ ನಾಲ್ಕೈದು ವರ್ಷ ಚಿಕ್ಕವನು, ಗುಡ್ಡದ ಬುಡದಲ್ಲೇ ಮನೆ. ನಾಲ್ಕನೆಯ ವಾರ ಕೋಲಿಗೆ ಗದ್ದ ಊರಿ ಹತ್ತಿರ ಬಂದು ನಿಂತ. ನಾನು ಆ ಊರಿನ ಅಳಿಯನಾದ್ದರಿಂದ ಅಲ್ಲಿ ಎಲ್ಲರೂ ನನ್ನನ್ನು ಕರೆಯುವುದು ಹಾಗೆಯೇ.

“ಅಳಿಯಾರ, ನಾಕ ವಾರಾತು. ಬರ್ತೀರಿ, ಕಲ್ಲ ಎಣಸ್ತೀರಿ, ಹೋಗ್ತೀರಿ. ಏನರ ಕಳಕೊಂಡೀರೇನು?”

ಕೋಟೆಯ ಗೋಡೆ ಹುಡುಕುತ್ತಿದ್ದೇನೆ ಎಂದೆ.

“ಗ್ವಾಡಿ ಎಲ್ಲೈತ್ರಿ? ಗ್ವಾಡಿ ಇದ್ದಿದ್ರ ನಾ ಯಾಕ ದಡ್ಡಿ ಕಟ್ಟತಿದ್ದೆ?”

ನಾನು ಕೈಲಿದ್ದುದನ್ನು ಅವನಿಗೆ ಕೊಟ್ಟೆ. ಅವನು ನನ್ನ ನಕ್ಷೆಯ ಹಾಳೆಯನ್ನು ತಲೆಕೆಳಗಾಗಿ ಹಿಡಿದು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಹಾಳೆ ಮರಳಿ ಕೊಡುತ್ತ, ನಾನು ಗುಡ್ಡಕ್ಕೆ ಬರುವ ಹೊತ್ತೇ ತಪ್ಪು ಎಂದ. ಈಗ ಎಲ್ಲೆಲ್ಲೂ ಹುಲ್ಲಿದೆ. ಸಂಕ್ರಮಣ ದಾಟಲಿ, ಹುಲ್ಲು ಒಣಗಲಿ. ಆಗ ಅವನ ಕುರಿಗಳು ಗುಡ್ಡದ ಮೇಲೆ ಚದುರುವುದಿಲ್ಲ, ಸಾಲು ಹಿಡಿದು ಮೇಯುತ್ತವೆ. ಅವನ ಅಪ್ಪನ ಕಾಲದಿಂದಲೂ ಹಾಗೆಯೇ. “ಯಾಕ ಅನ್ನೂದು ನೀವ ಹೇಳಬೇಕು, ಸಾಲಿ ಕಲತವರು.”

ಜನವರಿಯ ಮೂರನೆಯ ವಾರ ಹೋದೆ. ಗುಡ್ಡ ಒಣಗಿ ಬೂದಿ ಬಣ್ಣಕ್ಕೆ ತಿರುಗಿತ್ತು. ಕುರುಬ ಹಿಂಡು ಬಿಟ್ಟ. ಹತ್ತು ನಿಮಿಷ ಅವು ಗೊಂದಲದಲ್ಲಿ ಓಡಾಡಿದವು. ಆಮೇಲೆ ಒಂದೊಂದಾಗಿ ಉತ್ತರದ ಅಂಚಿಗೆ ಸರಿದು, ಒಂದರ ಬಾಲಕ್ಕೆ ಇನ್ನೊಂದರ ಮೂತಿ ಹಚ್ಚಿ ನಿಂತವು. ಸಾಲು ಗುಡ್ಡದ ಭುಜದ ಮೇಲೆ ಒಂದೇ ಎತ್ತರದಲ್ಲಿ ಬಳಸಿಕೊಂಡು ಹೋಗಿ, ಒಂದು ಕಡೆ ಹೊರಕ್ಕೆ ಅರ್ಧಚಂದ್ರವಾಗಿ ಉಬ್ಬಿ, ಮತ್ತೆ ಒಳಗೆ ಬಂದು ಮುಂದುವರಿಯಿತು. ನಾನು ಎತ್ತರದ ಬಂಡೆಯ ಮೇಲೆ ನಿಂತಿದ್ದೆ. ನಕ್ಷೆಯಲ್ಲಿ ನಾನು ಎಳೆಯಲಾಗದಿದ್ದ ಗೆರೆಯನ್ನು ಕುರಿಗಳು ಎಳೆದಿದ್ದವು.

ಇಳಿದು ಹೋಗಿ ನೋಡಿದರೆ, ಕುರಿಗಳ ಕಾಲ ಕೆಳಗೆ ಎಂಟಡಿ ಅಗಲದ ಒಂದು ಹಸಿರು ಪಟ್ಟಿ. ಎರಡೂ ಬದಿಯಲ್ಲಿ ಹುಲ್ಲು ಸತ್ತಿದೆ. ಪಟ್ಟಿಯಲ್ಲಿ ಜೀವ ಹಿಡಿದಿದೆ. ತೆಳ್ಳಗಿನ ಕಬ್ಬಿಣದ ಸರಳು ಊರಿ ನೋಡಿದೆ. ಪಟ್ಟಿಯ ಹೊರಗೆ ನಾಲ್ಕು ಬೆರಳಿಗೆ ಬಂಡೆ ತಾಗಿತು. ಒಳಗೆ ಎರಡಡಿ ಇಳಿಯಿತು. ಅಂದರೆ ಅಲ್ಲಿ ಬಂಡೆಯನ್ನು ತಗ್ಗು ಮಾಡಿ ಏನನ್ನೋ ಕೂಡಿಸಿದ್ದರು. ಅದು ಹೋದ ಮೇಲೆ ಮಣ್ಣು ತುಂಬಿದೆ, ಮಣ್ಣು ನೀರು ಹಿಡಿಯುತ್ತದೆ, ಹುಲ್ಲು ತಡವಾಗಿ ಒಣಗುತ್ತದೆ.

ಖುಷಿಪಡುವ ಮೊದಲು ನನ್ನ ವಿರುದ್ಧ ನಾನೇ ವಾದ ಹೂಡಿದೆ. ಮೊದಲ ಅನುಮಾನ: ಇದು ಬಂಡೆಯ ಬಿರುಕಿರಬಹುದು. ದಿಕ್ಸೂಚಿ ಇಟ್ಟು ಗುಡ್ಡದ ಬಿರುಕುಗಳನ್ನೆಲ್ಲ ಅಳೆದೆ. ಅವು ಒಂದೇ ದಿಕ್ಕಿಗೆ, ನೆಟ್ಟಗೆ ಓಡುತ್ತವೆ. ಈ ಪಟ್ಟಿ ಅವನ್ನು ಅಡ್ಡ ಹಾಯುತ್ತದೆ, ತಿರುವಿನಲ್ಲಿ ಬಾಗುತ್ತದೆ. ಎರಡನೆಯ ಅನುಮಾನ: ಗಿಡ ನೆಡಲು ಸರ್ಕಾರದವರು ತೋಡಿಸಿದ ಚರಂಡಿ. ಅಂಥ ಚರಂಡಿಗೆ ಕೆಳಬದಿಯಲ್ಲಿ ತೋಡಿದ ಮಣ್ಣಿನ ಒಡ್ಡು ಇರಬೇಕು, ಇಲ್ಲಿರಲಿಲ್ಲ. ಅರ್ಧಚಂದ್ರದ ಉಬ್ಬುಗಳೂ ಚರಂಡಿಗೆ ಬೇಕಿಲ್ಲ. ಅವು ಬೇಕಾಗುವುದು ಕೊತ್ತಳಕ್ಕೆ.

ಪಟ್ಟಿ ಗುರುತಿಸಲು ಬನಹಟ್ಟಿಯ ಸಹೋದ್ಯೋಗಿಯ ಮನೆಯಿಂದ ಮಗ್ಗದ ಬಿಳಿ ನೂಲು ಸುತ್ತಿದ ಒಂದು ಕೋನು ತಂದಿದ್ದೆ. ಅರ್ಧ ಗುಡ್ಡದ ಸುತ್ತ ನೂಲು ಕಟ್ಟಿ ಊಟಕ್ಕೆ ಕೂತೆವು. ಅಷ್ಟರಲ್ಲಿ ಹಿಂಡಿನೊಳಗಿನ ಆಡುಗಳು ಕೋಟೆಯನ್ನು ತಿನ್ನತೊಡಗಿದ್ದವು. ಮರುವಾರ ಕಬಡ್ಡಿ ಅಂಕಣಕ್ಕೆ ಹಾಕುವ ಸುಣ್ಣದ ಪುಡಿ ಒಯ್ದು ಗೆರೆ ಹಾಕಿ, ಅಳೆದು, ನಕ್ಷೆ ಮಾಡಿದೆ. ಪಟ್ಟಿ ಪಶ್ಚಿಮದಲ್ಲಿ ಒಂದು ಕಡೆ ಹನ್ನೊಂದು ಅಡಿ ಕಡಿದುಹೋಗಿತ್ತು. ‘ಮಣ್ಣು ಕೊಚ್ಚಿಹೋದ ಜಾಗ’ ಎಂದು ಬರೆದೆ. ಬಾಗಿಲು ಪೂರ್ವದಲ್ಲಿದೆ ಎಂದು ತಲೆ ಆಗಲೇ ತೀರ್ಮಾನಿಸಿತ್ತು. ಕಣ್ಣಿಗೆ ಕಂಡದ್ದನ್ನೂ ಕಾಣಗೊಡಲಿಲ್ಲ.

ಉಳಿದದ್ದು ದೊಡ್ಡ ಪ್ರಶ್ನೆ. ಎಂಟಡಿ ದಪ್ಪದ ಗೋಡೆ ಬಿದ್ದರೆ ಕಲ್ಲು ಎಲ್ಲಿಗೆ ಹೋಗುತ್ತದೆ? ಇಳಿಜಾರಿನಲ್ಲಿ ರಾಶಿ ಇರಬೇಕು. ಇರಲಿಲ್ಲ. ಕಲ್ಲಿಲ್ಲದ ಗೋಡೆಯನ್ನು ಯಾರೂ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಊರಲ್ಲಿ ಕೇಳುತ್ತ ಹೋದೆ. ಗುಡ್ಡದ ಕಲ್ಲು ಯಾರಾದರೂ ತಂದಿದ್ದಾರೆಯೇ? ಕೇಳಿದವರೆಲ್ಲ ಚಹಾ ಕೊಟ್ಟರು, ಮಾತು ಕೊಡಲಿಲ್ಲ. ಗೊತ್ತಿಲ್ರಿ. ನಾವಂತೂ ತಂದಿಲ್ರಿ. ಕುರುಬ ಕೂಡ ಆ ಪ್ರಶ್ನೆ ಬಂದೊಡನೆ ಹಿಂಡಿನ ಕಡೆ ನೋಡುತ್ತಿದ್ದ. ಕ್ವಾರಿಯ ವಿರುದ್ಧ ಸಹಿ ಹಾಕಿದ ಊರು ಇದು. ನನಗೆ ನೆರವಾಗಲು ಇವರಿಗೇನು ತೊಂದರೆ?

ಅಂದು ಸಂಜೆ ಮನೆಯಲ್ಲಿ ಇದನ್ನೆಲ್ಲ ಹೇಳಿಕೊಂಡು ಗೊಣಗುತ್ತಿದ್ದೆ. ನನ್ನ ಹೆಂಡತಿ ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದಳು.

“ನೀವು ದಿನಾ ತುಳದ ಒಳಗ ಬರ್ತೀರಲ್ಲಾ, ಇದೇನು?” ಅಂದಳು.

ಅವಳು ತೋರಿಸಿದ್ದು ಹೊಸ್ತಿಲಿಗೆ ಆಸರೆಯಾಗಿ, ಅರ್ಧ ಹೊರಗೆ ಚಾಚಿ ಮೆಟ್ಟಿಲಿನಂತಿರುವ ಕೆಂಪು ಕಲ್ಲು. ಅವಳು ದಿನಾ ತೊಳೆದು ರಂಗೋಲಿ ಹಾಕುವ ಕಲ್ಲು. ಹನ್ನೆರಡು ವರ್ಷದ ಹಿಂದೆ ನಾವು ಜಮಖಂಡಿಯಲ್ಲಿ ಮನೆ ಕಟ್ಟಿಸುವಾಗ ಮಾವನವರು ಅದನ್ನು ಟ್ರ್ಯಾಕ್ಟರಿನಲ್ಲಿ ಹಾಕಿಸಿಕೊಂಡು ಬಂದಿದ್ದರು. ಅವರ ಊರಿನ ಪದ್ಧತಿ: ಹೊಸ ಮನೆಯ ಹೊಸ್ತಿಲ ಕೆಳಗೆ ಮೊದಲ ಕಲ್ಲು ಗುಡ್ಡದ್ದೇ ಇರಬೇಕು. ಹೆಣ್ಣು ಕೊಟ್ಟ ಮನೆಗೂ ಒಯ್ದು ಕೊಡುತ್ತಾರೆ. ಗುಡ್ಡ ಅಲುಗುವುದಿಲ್ಲ, ಮನೆಯೂ ಅಲುಗಬಾರದು ಎಂಬ ನಂಬಿಕೆ. ನಾನು ಆಗ ನಕ್ಕಿದ್ದೆನಂತೆ, ಇದೆಲ್ಲ ಮೂಢನಂಬಿಕೆ ಎಂದಿದ್ದೆನಂತೆ. ನನಗೆ ನಕ್ಕದ್ದೂ ನೆನಪಿರಲಿಲ್ಲ, ಕಲ್ಲು ಬಂದದ್ದೂ ನೆನಪಿರಲಿಲ್ಲ. ಇಲ್ಲದ ಕಂಬ ಇಟ್ಟುಕೊಂಡ ತಲೆ ಇದ್ದ ಕಲ್ಲನ್ನು ಬಿಟ್ಟುಕೊಟ್ಟಿತ್ತು.

ಕೂಡಲೇ ಹೆಂಡತಿಯ ತಮ್ಮನಿಗೆ ಫೋನು ಮಾಡಿದೆ. ಅವನು ವಿಷಯ ಹೇಳಿದ. ಅರ್ಜಿ ಕೊಟ್ಟ ಮೇಲೆ ಊರಲ್ಲಿ ಸುದ್ದಿ ಹಬ್ಬಿತ್ತು: ಕೋಟೆ ಎಂದಾದರೆ ಅದರ ಕಲ್ಲು ಮನೆಯಲ್ಲಿ ಇಟ್ಟುಕೊಂಡವರಿಗೆ ದಂಡ, ಜೈಲು, ಹೊಸ್ತಿಲು ಕಿತ್ತು ಒಯ್ಯುತ್ತಾರೆ. ಒಂದೆರಡು ಮನೆಯವರು ಆ ಮೆಟ್ಟಿಲಿಗೆ ರಾತ್ರೋರಾತ್ರಿ ಸಿಮೆಂಟು ಬಳಿದಿದ್ದರು.

“ಕಲ್ಲಿನ ಸುದ್ದಿ ಬಿಡ್ರಿ ಮಾಮಾ. ಗುಡ್ಡಾ ಉಳಸಾಕ ಹೋಗಿ ಮನಿ ಕೆಡವಿಕೊಳ್ಳೂದ ಬ್ಯಾಡ,” ಅಂದ. “ಎರಡ ಕಂಬ ನೀವು ಕಣ್ಣಾರೆ ನೋಡೀರಿ. ಆಗ ಇದ್ವು, ಈಗ ಕ್ವಾರಿಯವರು ಎಬ್ಬಿಸ್ಯಾರ ಅಂತ ಬರೀರಿ. ನಿಮ್ಮ ಮಾತ ಯಾರು ಅಲ್ಲಗಳಿತಾರ?”

ಯಾರೂ ಅಲ್ಲಗಳೆಯುತ್ತಿರಲಿಲ್ಲ. ಅದೇ ಕಷ್ಟ. ಮೂವತ್ತು ವರ್ಷದ ಹಿಂದೆ ವಿಶ್ವವಿದ್ಯಾಲಯದ ವಿದ್ಯಾರ್ಥಿ ನೋಡಿದ್ದು, ಹದಿನೈದು ವರ್ಷದ ಹಿಂದೆ ಅಚ್ಚಾದದ್ದು. ಕಾಗದದ ಮೇಲೆ ಅದು ಗಟ್ಟಿ ಸಾಕ್ಷಿಯಂತೆ ಕಾಣುತ್ತದೆ. ಗುಡ್ಡ ಉಳಿಯಲೂಬಹುದು. ಎರಡು ದಿನ ಆ ವಾಕ್ಯವನ್ನು ಬರೆಯುವುದು, ಹೊಡೆದುಹಾಕುವುದು ಮಾಡಿದೆ. ನಾನು ಕಂಬವನ್ನೇ ನೋಡದಿದ್ದರೆ, ಕ್ವಾರಿಯವರು ಎಬ್ಬಿಸಿದ್ದಾರೆ ಎಂಬುದು ಬರೀ ತಪ್ಪು ಮಾತಲ್ಲ, ಒಬ್ಬರ ಮೇಲೆ ಹೊರಿಸಿದ ಅಪವಾದ. ಮೂರನೆಯ ದಿನ ಹಾರೆ ತಂದು ನನ್ನ ಮನೆಯ ಹೊಸ್ತಿಲ ಮುಂದಿನ ಕಲ್ಲು ಎಬ್ಬಿಸಿದೆ.

ಹೆಂಡತಿ ಎರಡು ದಿನ ಹಿತ್ತಲ ಬಾಗಿಲಿನಿಂದಲೇ ಓಡಾಡಿದಳು. ಕಲ್ಲಿನ ಕೆಳಮೈಯಲ್ಲಿ ಅಂಚಿಗುಂಟ ಮೂರು ಗುಳಿಗಳಿದ್ದವು, ಬೆಣೆ ಹೊಡೆದು ಬಂಡೆ ಸೀಳಲು ಕೊರೆದವು. ಒಂದೊಂದೂ ಮೂರು ಬೆರಳಗಲ, ನಡುವೆ ಒಂದು ಗೇಣು ಅಂತರ. ಕಲ್ಲುಕುಟಿಗರೊಬ್ಬರನ್ನು ಕರೆದು ತೋರಿಸಿದೆ. ಈಗ ಯಾರೂ ಹೀಗೆ ಹೊಡೆಯುವುದಿಲ್ಲ, ತಾವು ಕಂಡಂತೆ ಈಗಿನ ಗುಳಿಗಳು ಸಣ್ಣವು, ಒತ್ತೊತ್ತಾಗಿರುತ್ತವೆ ಎಂದರು. ಒಂದು ಮುಖವನ್ನು ಉಳಿಯಿಂದ ಸಮ ಮಾಡಿದ್ದರು, ಹಿಂಬದಿ ಒರಟಾಗಿ ಬಿಟ್ಟಿದ್ದರು. ಗೋಡೆಯ ಹೊರಮೈಗೆ ಕೂಡಿಸುವ ಕಲ್ಲು ಹಾಗಿರುತ್ತದೆ. ಚಿತ್ರ ಬರೆದು, ಅಳತೆ ಹಾಕಿ, ಹಾಳೆಯ ತಲೆಗೆ ‘ಒಂದು’ ಎಂದು ಬರೆದೆ. ಕೆಳಗೆ ನನ್ನ ಹೆಸರು, ನನ್ನ ವಿಳಾಸ.

ಭಾನುವಾರ ಊರ ಗುಡಿಯ ಕಟ್ಟೆಗೆ ಜನರನ್ನು ಕೂಡಿಸಲು ಹೆಂಡತಿಯ ತಮ್ಮನಿಗೆ ಹೇಳಿದೆ. ಮನಸ್ಸಿಲ್ಲದೆ ಕೂಡಿಸಿದ. ನಾನು ಆ ಹಾಳೆ ಓದಿದೆ. ಇಂಥ ಕಲ್ಲುಗಳ ಪಟ್ಟಿಯೊಂದೇ ಗೋಡೆ ಇತ್ತೆನ್ನಲು ಆಧಾರ ಎಂದೆ. ಕಲ್ಲು ಕೀಳಿಸುತ್ತಾರೋ ಎಂದು ಒಬ್ಬರು ಕೇಳಿದರು. ಕೀಳಿಸಲಾರರು ಎಂದು ನನಗೆ ಅನ್ನಿಸುತ್ತದೆ, ಆದರೆ ಖಾತ್ರಿ ಗೊತ್ತಿಲ್ಲ, ಕಿತ್ತರೆ ಮೊದಲು ನನ್ನದು ಎಂದೆ. ಊರ ಹೆಸರನ್ನು ಎಲ್ಲಿಯೂ ಅಚ್ಚು ಹಾಕಿಸುವುದಿಲ್ಲ ಎಂದೂ ಹೇಳಿದೆ. ಸದಸ್ಯನಾದ ಹೆಂಡತಿಯ ತಮ್ಮ ತನ್ನ ಮೊಬೈಲು ನೋಡುತ್ತಿದ್ದ.

ಆಗ ಕುರುಬನ ತಾಯಿ, ಕಟ್ಟೆಯ ಕೆಳಗೆ ಕೂತಿದ್ದ ಮುದುಕಿ, ಎಲೆ ಅಡಿಕೆ ಒಂದು ಬದಿಗೆ ಸರಿಸಿಕೊಂಡು ಅಂದಳು: “ಅಳಿಯಾರ ಮನಿಯಾಗ ಕದ್ದ ಮಾಲ ಐತಿ ಅಂದ್ರ ನಮಗೇನ ನಾಚಿಕಿ? ಬರಕೋರಿ ನಂದು. ನನ್ನ ಕೊಟ್ಟಗಿಯಾಗ ಒಂದಲ್ಲ, ಎರಡ ಅದಾವು.”

ಕಟ್ಟೆ ನಕ್ಕಿತು. ಸಂಜೆಯೊಳಗೆ ಹತ್ತೊಂಬತ್ತು ಮನೆ ನೋಡಿದೆ. ಮುಂದಿನ ವಾರ ಇನ್ನೂ ಹನ್ನೆರಡು. ಸಿಮೆಂಟು ಬಳಿದವರು ತಾವೇ ಕೆತ್ತಿ ತೋರಿಸಿದರು. ಎಲ್ಲವೂ ಅದೇ ಕೆಂಪು ಕಲ್ಲು. ಹೆಚ್ಚಿನವಕ್ಕೆ ಅದೇ ಮೂರು ಬೆರಳಗಲದ ಗುಳಿ. ನಾಲ್ಕೈದಕ್ಕೆ ಏನೂ ಇರಲಿಲ್ಲ. ಅವನ್ನು ‘ಗುರುತಿಲ್ಲ’ ಎಂದೇ ಬರೆದೆ. ಸದಸ್ಯನ ಮನೆಯದು ಪಟ್ಟಿಯಲ್ಲಿ ಏಳನೆಯದು.

ಮುದುಕಿಯ ಎರಡು ಕಲ್ಲುಗಳಲ್ಲಿ ಒಂದು ಕೆಂಪು. ಇನ್ನೊಂದರಿಂದ ಅವಳ ಕೋಳಿಗಳು ನೀರು ಕುಡಿಯುತ್ತಿದ್ದವು. ಕರಿಕಲ್ಲು, ನಡುವೆ ದುಂಡನೆಯ ಕುಳಿ. ಒರಳು ಎಂದುಕೊಂಡು ದಾಟುವವನಿದ್ದೆ. ಆದರೆ ಒರಳಿಗಿಂತ ಕುಳಿ ಸಣ್ಣದು, ಒಳಮೈ ಕನ್ನಡಿಯಂತೆ ನುಣುಪು, ಸವೆತ ಒಂದೇ ಬದಿಗೆ. ದೊಡ್ಡ ಬಾಗಿಲಿನ ಗೂಟ ಕೂತು ತಿರುಗುವ ಕಲ್ಲು. ಈ ಕೆಂಪು ಗುಡ್ಡದಲ್ಲಿ ಕರಿಕಲ್ಲು ಹುಟ್ಟುವುದಿಲ್ಲ. ಯಾರೋ ಬೇಕೆಂದೇ ತಂದದ್ದು.

ಎಲ್ಲಿಂದ ತಂದಿರಿ ಎಂದು ಕೇಳಿದೆ. ಗಂಡ ತಂದದ್ದು, ಹೊತ್ತು ಮುಳುಗುವ ಕಡೆಯಿಂದ, ತಾನೂ ಜೊತೆಗಿದ್ದೆ ಎಂದಳು. ಪೂರ್ವದಿಂದ ಇರಬೇಕಲ್ಲ ಎಂದೆ. ನಾನು ವಿದ್ಯಾರ್ಥಿಯಾಗಿ ಗುಡ್ಡ ಹತ್ತಿದ್ದನ್ನು, ಕಂಬಗಳ ನಡುವೆ ಸೂರ್ಯೋದಯ ಕಂಡದ್ದನ್ನು ಹೇಳಿದೆ.

ಅವಳು ನನ್ನನ್ನು ಸ್ವಲ್ಪ ಹೊತ್ತು ನೋಡಿದಳು. “ಅಂವಾ ನೀವ ಏನು? ನಿಮ್ಮ ಸಂಗಾಟ ಒಬ್ರ ಗುರುಗೋಳಿದ್ರು. ಚಪ್ಪಲಿ ಹರದಿತ್ತು. ಬರಿಗಾಲಿಲೆ ಇಳದ ಬಂದಾಗ ನಮ್ಮ ಮನಿಯವರು ಹೊಲಿದ ಕೊಟ್ರು. ಹೊತ್ತ ಮುಳಗಿತ್ತು ಆಗ. ಆ ಕಾಲಕ್ಕ ನಮ್ಮೂರಿಗೆ ಒಂದ ಬಸ್ಸು, ಅದೂ ಮಧ್ಯಾನ್ಹಕ್ಕ. ಮುಂಜಾನಿ ಗುಡ್ಡದ ಮ್ಯಾಲ ಇರಾಕ ನೀವು ಹಾರಿ ಬಂದಿದ್ರೇನು?”

ಅವಳಿಗೆ ನಾನು ಚಪ್ಪಲಿಯ ಮಾತು ಹೇಳಿರಲಿಲ್ಲ. ಗುರುಗಳ ಒಂದೇ ನೆನಪು, ಅವಳ ಒಂದೇ ನೆನಪು, ಎರಡೂ ಕೂಡಿದವು. ನನ್ನದೇ ಬೇರೆ. ಸೂರ್ಯ ಕಂಡದ್ದು ನಿಜವಿರಬೇಕು. ಅದು ಮುಳುಗುವ ಸೂರ್ಯ. ಬೆಳಗು ಎಂಬುದನ್ನು ನಾನು ಆಮೇಲೆ ಸೇರಿಸಿಕೊಂಡು, ಅದರಿಂದ ಪೂರ್ವವನ್ನು ಹುಟ್ಟಿಸಿಕೊಂಡಿದ್ದೆ.

ಅವಳ ಮಗ ಕುರುಬನನ್ನು ಕರೆದುಕೊಂಡು ಅಂದೇ ಪಶ್ಚಿಮದ ಅಂಚಿಗೆ ಹೋದೆ. ‘ಮಣ್ಣು ಕೊಚ್ಚಿಹೋದ ಜಾಗ’ ಎಂದು ಬರೆದಿದ್ದ ಆ ಹನ್ನೊಂದು ಅಡಿ. ಒಂದು ಬದಿಯಲ್ಲಿ, ಒಣಹುಲ್ಲಿನ ಬುಡದಲ್ಲಿ, ಅಂಗೈಯಷ್ಟು ಕರಿಕಲ್ಲಿನ ಅಂಚು ಕಾಣುತ್ತಿತ್ತು. ಮೇಲಿನ ಧೂಳನ್ನು ಬ್ರಷ್ಷಿನಿಂದ ಸರಿಸಿದೆ. ಕುಳಿಯ ಅರ್ಧ ಬಾಯಿ ಕಂಡಿತು. ಕುರುಬ ಕೋಲಿನ ತುದಿಯಿಂದ ಎಬ್ಬಿಸಲು ಹೋದ. ಕೈ ಹಿಡಿದು ನಿಲ್ಲಿಸಿದೆ. ಅಲುಗಿಸದೆ ಅಳೆದು, ಫೋಟೊ ತೆಗೆದು, ಹಾಗೆಯೇ ಬಿಟ್ಟು ಇಳಿದೆವು. ಕಂಬಗಳು ಅಲ್ಲಿಯೂ ಇರಲಿಲ್ಲ.

ಪರಿಶೀಲನೆಗೆ ಮೂರು ದಿನ ಮುಂಚೆ ಅಕಾಲಿಕ ಮಳೆ ಬಿತ್ತು. ಒಂದೇ ದಿನ, ಆದರೆ ಸಾಕಷ್ಟು. ಸುಣ್ಣದ ಗೆರೆ ತೊಳೆದುಹೋಯಿತು. ಗುಡ್ಡದ ತುಂಬ ಎಳೆಹುಲ್ಲು ಮೊಳೆಯಿತು. ಪರಿಶೀಲನೆಗೆ ಬಂದ ಸರ್ಕಾರಿ ಅಧಿಕಾರಿಣಿ, ಗುತ್ತಿಗೆ ಕೇಳಿದವರ ಸಲಹೆಗಾರರು, ಊರ ಹಿರಿಯರು ಮೇಲೆ ಹತ್ತಿ ನಿಂತಾಗ ಕುರುಬ ಬಹಳ ಹುರುಪಿನಿಂದ ಹಿಂಡು ಬಿಟ್ಟ. ಕುರಿಗಳು ಗುಡ್ಡದ ತುಂಬ ಸಾಸಿವೆ ಚೆಲ್ಲಿದಂತೆ ಚದುರಿಕೊಂಡವು. ಕಾಲು ತಾಸು ಕಾದೆವು. ಒಂದು ಕುರಿ ಸಲಹೆಗಾರರ ಚೀಲ ಮೂಸಿ ನೋಡಿತು.

“ಇವತ್ತ ನನ್ನ ಮರ್ಯಾದಿ ಕಳದ್ವು,” ಎಂದ ಕುರುಬ, ಯಾರ ಕಡೆಯೂ ನೋಡದೆ.

ನಾನು ಜನವರಿಯ ಫೋಟೊಗಳನ್ನು ತೋರಿಸಿದೆ. ಅಧಿಕಾರಿಣಿ ನೋಡಿ ಮರಳಿ ಕೊಟ್ಟರು. ನನ್ನ ವರದಿ ತೆಗೆದು ಮೊದಲ ಪುಟ ಓದಿದರು. ‘ನಾನು ಹಿಂದೆ ಬರೆದ ಲೇಖನದಲ್ಲಿನ ಪೂರ್ವ ಬಾಗಿಲು ಮತ್ತು ಕಂಬಗಳ ಮಾತಿಗೆ ಆಧಾರವಿಲ್ಲ. ಅದನ್ನು ಸಾಕ್ಷಿಯಾಗಿ ಪರಿಗಣಿಸಬಾರದು’ ಎಂದು ಅಲ್ಲಿ ಬರೆದಿದ್ದೆ. ಅರ್ಜಿಗೆ ಲಗತ್ತಿಸಿದ್ದೇ ಆ ಲೇಖನವಲ್ಲವೇ ಎಂದು ಕೇಳಿದರು. ಹೌದೆಂದೆ. ಸದಸ್ಯ ತುಟಿ ಕಚ್ಚಿಕೊಂಡು ಬೇರೆ ಕಡೆ ತಿರುಗಿದ.

“ಹಾಗಾದರೆ ನಿಮ್ಮ ಹತ್ತಿರ ಇರೋದೇನು?” ಅಂದರು.

ಕಲ್ಲುಗಳ ಪಟ್ಟಿ ಕೊಟ್ಟೆ. ಊರೊಳಗೆ ಇಳಿದು ಹದಿನಾಲ್ಕು ಹೊಸ್ತಿಲು ನೋಡಿದೆವು. ಅಧಿಕಾರಿಣಿ ಪ್ರತಿ ಕಲ್ಲಿನ ಮುಂದೆಯೂ ಕುಕ್ಕರಗಾಲಲ್ಲಿ ಕೂತು ಗುಳಿ ಅಳೆದರು. ಈ ಕಲ್ಲುಗಳು ಗುಡ್ಡದ ಯಾವ ಮೂಲೆಯಿಂದಲೂ ಬಂದಿರಬಹುದು, ಗೋಡೆಯಿಂದಲೇ ಎಂದು ಹೇಗೆ ಹೇಳುತ್ತೀರಿ ಎಂದು ಸಲಹೆಗಾರರು ಕೇಳಿದರು. ನ್ಯಾಯವಾದ ಪ್ರಶ್ನೆ. ಒಂದೊಂದನ್ನೇ ತೆಗೆದುಕೊಂಡರೆ ಹೇಳಲಾಗುವುದಿಲ್ಲ ಎಂದೆ. ಕೊನೆಗೆ ಮುದುಕಿಯ ಮನೆ. ಅವಳು ಕೋಳಿ ಓಡಿಸಿ, ನೀರು ಚೆಲ್ಲಿ, ಕುಳಿಯನ್ನು ಸೆರಗಿನಿಂದ ಒರೆಸಿ ಇಟ್ಟಿದ್ದಳು. ಅಧಿಕಾರಿಣಿ ಕುಳಿಯ ಅಗಲ, ಆಳ, ಸವೆದ ಬದಿ ಬರೆದುಕೊಂಡರು. ಮತ್ತೆ ಗುಡ್ಡ ಹತ್ತಿದೆವು. ಪಶ್ಚಿಮದ ಅಂಚಿನಲ್ಲಿ ಅವರ ಎದುರಿಗೇ ಮಣ್ಣು ಸರಿಸಿದೆವು. ಎರಡೂ ಕುಳಿಗಳ ಅಳತೆ ಒಂದೇ ಬಂತು. ಮುದುಕಿಯ ಮನೆಯದು ಎಡಕ್ಕೆ ಸವೆದಿತ್ತು, ಗುಡ್ಡದ ಮೇಲಿನದು ಬಲಕ್ಕೆ.

ಮೊದಲು ಮಾತಾಡಿದವರು ಸಲಹೆಗಾರರು. “ಎರಡು ಕದದ ಬಾಗಿಲು,” ಅಂದರು. ಆಮೇಲೆ ಬಗ್ಗಿ ತಾವೂ ಒಮ್ಮೆ ಬೆರಳು ಹಾಕಿ ನೋಡಿದರು.

ಏಪ್ರಿಲ್‌ನಲ್ಲಿ ಪತ್ರ ಬಂತು. ಗುಡ್ಡದ ಮೇಲೆ ಮಧ್ಯಕಾಲೀನ ಕೋಟೆಯ ‘ಸಂಭಾವ್ಯ’ ಕುರುಹುಗಳಿರುವುದರಿಂದ, ತಜ್ಞರ ಪರೀಕ್ಷೆ ಮುಗಿಯುವವರೆಗೆ ಗುತ್ತಿಗೆಯ ಪ್ರಸ್ತಾವ ತಡೆಹಿಡಿಯಲಾಗಿದೆ. ಮನೆಗಳಲ್ಲಿರುವ ಕಲ್ಲುಗಳು ಇದ್ದಲ್ಲಿಯೇ ಇರಲಿ, ಸ್ಥಳಾಂತರಿಸಬಾರದು. ಸಂಭಾವ್ಯ ಎಂಬ ಮಾತಿಗೆ ಸದಸ್ಯನಿಗೆ ಸಿಟ್ಟು. ಅದು ನನ್ನ ವರದಿಯದೇ ಶಬ್ದ. ಅಗೆದು ನೋಡುವವರೆಗೆ ಅದಕ್ಕಿಂತ ಹೆಚ್ಚು ಹೇಳಲು ನನ್ನಲ್ಲಿ ಆಧಾರವಿಲ್ಲ. ಯಾವ ಕಾಲದ್ದು, ಯಾರದು, ಗೊತ್ತಿಲ್ಲ.

ಜೂನ್‌ನಲ್ಲಿ ಹೆಂಡತಿಯ ತಮ್ಮನ ಫೋನು ಬಂತು. ಹಳೆಯ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದ. ಗುಡ್ಡದಿಂದ ಕಲ್ಲು ತರುವಂತಿಲ್ಲ. ತರಬಾರದೆಂದು ಪಂಚಾಯತಿಯಲ್ಲಿ ಠರಾವು ಮಾಡಿಸಿದವನೂ ಅವನೇ. ಹಳೆಯ ಹೊಸ್ತಿಲ ಕಲ್ಲು ಅಂಗಳದಲ್ಲಿ ಬಿದ್ದಿತ್ತು. ಅವನಿಗೊಂದು ವಿಚಾರ ಹೊಳೆದಿತ್ತು: ಊರೆಲ್ಲ ನೂರಾರು ವರ್ಷ ಇಳಿಸಿಕೊಂಡು ಬಂದದ್ದಾಯಿತು, ತಾನೊಬ್ಬನಾದರೂ ತಿರುಗಿ ಒಯ್ದು ಮೇಲೆ ಇಟ್ಟು, ಕಾಯಿ ಒಡೆದು ಬರುತ್ತೇನೆ. ಟ್ರ್ಯಾಕ್ಟರು ಹೇಳಿಯಾಗಿದೆ.

ನಾನು ಕುರ್ಚಿಯಿಂದ ಎದ್ದು ನಿಂತೆ. “ಒಯ್ಯಬ್ಯಾಡೋ ಮಾರಾಯಾ. ನಾಳೆ ಇನ್ನೊಬ್ಬಾಂವ ಬಂದು ಆ ಕಲ್ಲ ನೋಡಿ, ಇಲ್ಲೇ ಬಾಗಲಾ ಇತ್ತು ಅಂತ ಬರೀತಾನ.”

“ನಿಮ್ಮಂಗ ಏನ್ರಿ?”

“ನನ್ನಂಗ.”

ಅವನು ನಗುವವರೆಗೆ ಕಾದೆ. ಆಮೇಲೆ ಅವನು ಕೇಳಿದ, “ಹಂಗಾರ ಹೊಸ ಮನಿಗೆ ಏನ ಹಾಕ್ಲಿ?”

“ಆ ಹಳೇದನ್ನ ಹಾಕು. ಪಟ್ಟಿಯೊಳಗ ಏಳನೇದು ಏಳನೇದ ಆಗಿರಲಿ.”

ಗುಳಿಯಿದ್ದ ಬದಿ ಮೇಲಕ್ಕಿರಲೋ ಕೆಳಕ್ಕಿರಲೋ ಎಂದು ಕೇಳಿದ. ಮೇಲಕ್ಕೆ, ಬಂದವರಿಗೆ ಕಾಣಲಿ ಎಂದೆ. ನನ್ನ ಮನೆಯದನ್ನೂ ತಿರುಗಿ ಕೂಡಿಸುವಾಗ ಹಾಗೆಯೇ ಇಟ್ಟಿದ್ದೇನೆ. ರಂಗೋಲಿ ಹಾಕಲು ತೊಂದರೆ ಎಂದು ಹೆಂಡತಿಯ ತಕರಾರು ಇನ್ನೂ ಇದೆ.